ಕಾರ್ಖಾನೆಗೆ ತೆರಿಗೆ ಇನ್ಸ್‌ಪೆಕ್ಟರ್ ಬರುವ ಮುನ್ನ, ಬಂದಾಗ, ಹೋದ ಮೇಲೆ

“ಸಾರ್, ಎಕ್ಸೈಸ್‌ನವರ ನೋಟಿಸ್ ಬಂದಿದೆ, ಮುಂದಿನ ತಿಂಗಳು ಆಡಿಟ್‌ಗೆ ಬರ್ತಾರಂತೆ. ಏನೇನು ಎತ್ತಿಡಬೇಕು?” ಸಣ್ಣ ಕಾರ್ಖಾನೆ ನಡೆಸುವವರು, ಅಲ್ಲಿ ಲೆಕ್ಕ ಬರೆಯುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಫೋನಿನಲ್ಲಿ ತುಂಡು ತುಂಡಾಗಿ ಹೇಳುವ ಬದಲು ಮೊದಲಿಂದ ಕೊನೆಯವರೆಗೆ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಬಾಯಿಮಾತಿನಲ್ಲಿ ಇಂದಿಗೂ “ಎಕ್ಸೈಸ್‌ನವರು” ಅನ್ನುತ್ತೇವೆ. ಆದರೆ 2017ರ ಜುಲೈ 1ರಿಂದ ಬಹುಪಾಲು ಸರಕುಗಳ ಮೇಲಿನ ಕೇಂದ್ರ ಅಬಕಾರಿ ಸುಂಕ ಹೋಗಿ ಜಿಎಸ್‌ಟಿ ಬಂದಿದೆ. ಕೇಂದ್ರ ಅಬಕಾರಿ ಉಳಿದಿರುವುದು ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲ, ವಿಮಾನ ಇಂಧನ ಈ ಐದರ ಮೇಲೆ ಮತ್ತು ತಂಬಾಕಿನ ಮೇಲೆ. ತಂಬಾಕಿಗೆ ಜಿಎಸ್‌ಟಿಯೂ ಉಂಟು. ಕುಡಿಯುವ ಮದ್ಯ ತಯಾರಿಸುವವರು ರಾಜ್ಯ ಅಬಕಾರಿ ಇಲಾಖೆಯ ಕೆಳಗೆ ಬರುತ್ತಾರೆ, ನಮ್ಮಲ್ಲಿ ಅದಕ್ಕೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. ಉಳಿದ ತಯಾರಕರ ಬಾಗಿಲಿಗೆ ಬರುವುದು ಜಿಎಸ್‌ಟಿ ಅಧಿಕಾರಿಗಳೇ. ಅವರು ಕೇಂದ್ರದವರಿರಬಹುದು, ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರಿರಬಹುದು.

ಹಾಗಂತ ಹಳೆಯ ಎಕ್ಸೈಸ್ ಕಣ್ಣು ಮುಚ್ಚಿಲ್ಲ. ಆಗ ಆರ್‌ಜಿ-1 ಎಂಬ ರಿಜಿಸ್ಟರಿನಲ್ಲಿ ಪ್ರತಿದಿನ ಎಷ್ಟು ಮಾಲು ತಯಾರಾಯಿತು, ಎಷ್ಟು ಹೊರಗೆ ಹೋಯಿತು, ಎಷ್ಟು ಉಳಿಯಿತು ಎಂದು ಬರೆಯಬೇಕಿತ್ತು. ಆ ರಿಜಿಸ್ಟರ್ ಈಗಿಲ್ಲ. ಆದರೆ ಜಿಎಸ್‌ಟಿಯ 56ನೇ ನಿಯಮ ತಯಾರಕರಿಂದ ಅದನ್ನೇ ಬೇರೆ ರೂಪದಲ್ಲಿ ಕೇಳುತ್ತದೆ: ಎಷ್ಟು ಕಚ್ಚಾ ಮಾಲು ಬಳಸಿದಿರಿ, ಎಷ್ಟು ತಯಾರಿಸಿದಿರಿ, ತ್ಯಾಜ್ಯ ಮತ್ತು ಉಪೋತ್ಪನ್ನ ಎಷ್ಟು ಎಂಬ ತಿಂಗಳ ಲೆಕ್ಕ. ನಾನು ಕಂಡಂತೆ ಸಣ್ಣ ಕಾರ್ಖಾನೆಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ತೆರಿಗೆ ಸರಿಯಾಗಿ ಕಟ್ಟಿರುತ್ತಾರೆ, ಹಣದ ಲೆಕ್ಕ ಚೊಕ್ಕವಾಗಿರುತ್ತದೆ, ತೂಕದ ಲೆಕ್ಕ ಮಾತ್ರ ಯಾರ ಹತ್ತಿರವೂ ಇರುವುದಿಲ್ಲ.

ಹಂತ 1: ಕೈಗೆ ಬಂದ ಕಾಗದ ಯಾವುದು?

ಗಾಬರಿಯಾಗುವ ಮುನ್ನ ನೋಟಿಸಿನ ತಲೆಬರಹದಲ್ಲಿರುವ ನಮೂನೆಯ ಹೆಸರು ಓದಿ. ನಿಮ್ಮ ಮುಂದಿನ ನಡೆ ಅದರ ಮೇಲೆ ನಿಂತಿದೆ.

ಎಎಸ್‌ಎಂಟಿ-10 ಎಂದಿದ್ದರೆ ಯಾರೂ ಕಾರ್ಖಾನೆಗೆ ಬರುತ್ತಿಲ್ಲ. ನಿಮ್ಮ ರಿಟರ್ನ್‌ಗಳಲ್ಲಿ ಕಂಡ ವ್ಯತ್ಯಾಸಕ್ಕೆ ವಿವರಣೆ ಕೇಳಿದ್ದಾರೆ. ಸಾಮಾನ್ಯವಾಗಿ 30 ದಿನದೊಳಗೆ ಎಎಸ್‌ಎಂಟಿ-11ರಲ್ಲಿ ಉತ್ತರ ಕೊಡಬೇಕು.

ಎಡಿಟಿ-01 ಬಂದರೆ ಅದು ಜಿಎಸ್‌ಟಿ ಕಾಯ್ದೆಯ 65ನೇ ಸೆಕ್ಷನ್‌ನ ಆಡಿಟ್. ಕನಿಷ್ಠ 15 ಕೆಲಸದ ದಿನ ಮುಂಚೆ ತಿಳಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಆಡಿಟ್ ಶುರುವಾದ ದಿನದಿಂದ 3 ತಿಂಗಳಲ್ಲಿ ಮುಗಿಯಬೇಕು, ಕಮಿಷನರ್ ಕಾರಣ ಬರೆದು ಇನ್ನೂ 6 ತಿಂಗಳವರೆಗೆ ವಿಸ್ತರಿಸಬಹುದು. ಇಲ್ಲಿ “ಶುರು” ಎಂದರೆ ನೋಟಿಸ್ ಬಂದ ದಿನವಲ್ಲ. ಅವರು ಕೇಳಿದ ದಾಖಲೆಗಳನ್ನು ನೀವು ಕೊಟ್ಟ ದಿನ ಅಥವಾ ಅವರು ನಿಮ್ಮಲ್ಲಿಗೆ ಬಂದು ಆಡಿಟ್ ಆರಂಭಿಸಿದ ದಿನ, ಇವೆರಡರಲ್ಲಿ ಯಾವುದು ತಡವೋ ಅದು. ದಾಖಲೆ ಕೊಡುವುದನ್ನು ಎಳೆದಷ್ಟೂ ಆಡಿಟ್ ನಿಮ್ಮ ತಲೆಯ ಮೇಲೇ ಕೂತಿರುತ್ತದೆ.

ಐಎನ್‌ಎಸ್-01 ಹಿಡಿದು ಬಂದರೆ ಅದು 67ನೇ ಸೆಕ್ಷನ್‌ನ ತಪಾಸಣೆ ಅಥವಾ ಶೋಧ. ಮುನ್ಸೂಚನೆ ಇರುವುದಿಲ್ಲ. ಜಾಯಿಂಟ್ ಕಮಿಷನರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅಧಿಕಾರಪತ್ರ ಕೊಟ್ಟಿರಬೇಕು. ಇದರ ಬಗ್ಗೆ 6ನೇ ಹಂತದಲ್ಲಿ ಬೇರೆಯಾಗಿ ಬರೆದಿದ್ದೇನೆ.

ಕೇಂದ್ರದ ಅಧಿಕಾರಿಗಳ ಪತ್ರಗಳಲ್ಲಿ 2019ರ ನವೆಂಬರ್ 8ರಿಂದ ಡಿಐಎನ್, ಅಂದರೆ ಆ ಪತ್ರದ ಗುರುತಿನ ಸಂಖ್ಯೆ ಇರುತ್ತದೆ. ಸಿಬಿಐಸಿ, ಅಂದರೆ ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ಅದನ್ನು ಹಾಕಿ ಪತ್ರ ಅಸಲಿಯೋ ನಕಲಿಯೋ ನೋಡಬಹುದು. ಜಿಎಸ್‌ಟಿ ಪೋರ್ಟಲ್ ಮೂಲಕವೇ ಬಂದ ಪತ್ರವಾದರೆ ಅದರ ಉಲ್ಲೇಖ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಪರಿಶೀಲಿಸಿ. ಅಧಿಕಾರಿಯ ಗುರುತಿನ ಚೀಟಿ ತೋರಿಸಿ ಎಂದು ಕೇಳುವುದರಲ್ಲಿ ಅಗೌರವವೇನೂ ಇಲ್ಲ. ನಿಜವಾದ ಅಧಿಕಾರಿ ಕೂಡಲೇ ತೋರಿಸುತ್ತಾರೆ.

ಎಚ್ಚರಿಕೆ: ಪೋರ್ಟಲ್‌ನಲ್ಲಿ ನೋಟಿಸುಗಳು ಎರಡು ಕಡೆ ಬರುತ್ತವೆ. “ಹೆಚ್ಚುವರಿ ನೋಟಿಸ್ ಮತ್ತು ಆದೇಶ” ಎಂಬ ಜಾಗವನ್ನು ಎಷ್ಟೋ ಜನ ತೆರೆದೇ ಇರುವುದಿಲ್ಲ. ಇನ್ನೊಂದು, ನೋಂದಣಿಯಲ್ಲಿ ಕೊಟ್ಟಿರುವ ಇಮೇಲ್ ಮತ್ತು ಮೊಬೈಲ್ ನಂಬರ್ ಹಳೆಯ ಅಕೌಂಟೆಂಟರದ್ದೇ ಆಗಿಬಿಟ್ಟಿರುತ್ತದೆ. ಅವರು ಕೆಲಸ ಬಿಟ್ಟು ವರ್ಷಗಳಾಗಿದ್ದರೂ ನಿಮ್ಮ ನೋಟಿಸು ಅವರಿಗೇ ಹೋಗುತ್ತಿರುತ್ತದೆ. ಈ ಲೇಖನ ಓದಿದ ದಿನವೇ ಅದನ್ನು ಬದಲಾಯಿಸಿಕೊಳ್ಳಿ.

ಹಂತ 2: ತೂಕದ ಲೆಕ್ಕ ಕೂಡಿಸಿ

ಹದಿನೈದು ದಿನದಲ್ಲಿ ಒಂದೇ ಕೆಲಸ ಮಾಡಲು ಸಮಯವಿದೆ ಅಂದರೆ ಇದನ್ನು ಮಾಡಿ. ಅಧಿಕಾರಿಯ ಮನಸ್ಸಿನಲ್ಲಿರುವ ಪ್ರಶ್ನೆ ಸರಳ: ಒಳಗೆ ಬಂದ ಮಾಲೆಲ್ಲ ಎಲ್ಲಿ ಹೋಯಿತು? ತಯಾರಾದ ಮಾಲು, ಗುಜರಿ, ನಷ್ಟ, ಉಳಿದ ದಾಸ್ತಾನು ಇಷ್ಟರಲ್ಲಿ ಎಲ್ಲವೂ ಸಿಗಬೇಕು. ಸಿಗದೇ ಇದ್ದದ್ದು ಬಿಲ್ ಇಲ್ಲದೆ ಮಾರಾಟವಾಗಿದೆ ಎಂಬ ಅನುಮಾನ ಹುಟ್ಟುವುದು ಸಹಜ.

ಉಕ್ಕಿನ ಷೀಟಿನಿಂದ ಬ್ರಾಕೆಟ್ ಒತ್ತುವ ಒಂದು ಪ್ರೆಸ್ ಶಾಪ್ ಅಂದುಕೊಳ್ಳಿ. ತಿಂಗಳ ಮೊದಲ ದಿನ ಷೀಟು 4,000 ಕಿಲೋ ಇತ್ತು, 50,000 ಕಿಲೋ ಖರೀದಿ ಬಂತು, ಕೊನೆಯ ದಿನ 6,000 ಕಿಲೋ ಉಳಿಯಿತು. ಅಂದರೆ ಬಳಕೆ 48,000 ಕಿಲೋ. ತಯಾರಾದ ಬ್ರಾಕೆಟ್ 60,000. ಡ್ರಾಯಿಂಗ್ ಪ್ರಕಾರ ಒಂದರ ತೂಕ 620 ಗ್ರಾಂ, ಒಟ್ಟು 37,200 ಕಿಲೋ. ಗುಜರಿ 10,300 ಕಿಲೋ. ಕೂಡಿಸಿದರೆ 47,500. ಇನ್ನು 500 ಕಿಲೋ ಎಲ್ಲಿ?

ಷೀಟು ಒತ್ತುವಾಗ ಏನೂ ಆವಿಯಾಗಿ ಹೋಗುವುದಿಲ್ಲ. ಆದ್ದರಿಂದ “ಪ್ರೋಸೆಸ್ ಲಾಸ್” ಎಂದು ಬರೆದು ಕೈ ತೊಳೆದುಕೊಳ್ಳಲು ಬರುವುದಿಲ್ಲ. ಅಧಿಕಾರಿ 500 ಕಿಲೋವನ್ನು 620 ಗ್ರಾಂನಿಂದ ಭಾಗಿಸಿ, ಸುಮಾರು 806 ಬ್ರಾಕೆಟ್ ಲೆಕ್ಕಕ್ಕೆ ಸಿಗದೆ ಹೋಗಿವೆ ಎನ್ನಬಹುದು. ಒಂದು ತಿಂಗಳಿಗೆ ಇಷ್ಟು. ಆಡಿಟ್ ಮೂರು ವರ್ಷಕ್ಕಿದ್ದರೆ ಇದನ್ನೇ ಮೂವತ್ತಾರರಿಂದ ಗುಣಿಸಿ ನೋಡಿ.

ಆಗ ನೀವು ಮಾಡಬೇಕಾದದ್ದು ಶಾಪ್ ಫ್ಲೋರಿಗೆ ಹೋಗಿ ನೂರು ಬ್ರಾಕೆಟ್ ಎಣಿಸಿ ತಕ್ಕಡಿಗೆ ಹಾಕುವುದು. 62.0 ಕಿಲೋ ಬದಲು 62.8 ಕಿಲೋ ಬಂತು ಅನ್ನಿ. ಷೀಟಿನ ದಪ್ಪ ನಮೂದಿಸಿದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚಿದ್ದರೆ ಇಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಒಂದರ ನಿಜವಾದ ತೂಕ 628 ಗ್ರಾಂ, 60,000ಕ್ಕೆ 37,680 ಕಿಲೋ. ಗುಜರಿ ಸೇರಿಸಿದರೆ 47,980. ಉಳಿದದ್ದು 20 ಕಿಲೋ. ಐನೂರು ಕಿಲೋದ ಆರೋಪ ತಕ್ಕಡಿಯ ಮೇಲೆ ಇಪ್ಪತ್ತು ಕಿಲೋಗೆ ಇಳಿಯಿತು. ಆ ತೂಕದ ಚೀಟಿಗೆ ದಿನಾಂಕ ಹಾಕಿ, ಸ್ಟೋರ್ಸ್ ಮತ್ತು ಕ್ವಾಲಿಟಿಯವರಿಂದ ಸಹಿ ಮಾಡಿಸಿ ಫೈಲಿಗೆ ಸೇರಿಸಿ. ಷೀಟಿನ ಪ್ರತಿ ಹೊಸ ಲಾಟ್ ಬಂದಾಗಲೂ ಹೀಗೆ ತೂಗುವ ಅಭ್ಯಾಸವಿದ್ದರೆ ಇನ್ನೂ ಒಳ್ಳೆಯದು.

ಎರಕದ ಮನೆ, ರಾಸಾಯನಿಕ, ಒಣಗಿಸುವ ಕೆಲಸಗಳಲ್ಲಿ ನಷ್ಟ ನಿಜವಾಗಿಯೂ ಆಗುತ್ತದೆ. ಕರಗಿಸುವಾಗ ಕಿಟ್ಟ ಹೋಗುತ್ತದೆ, ತೇವ ಆರುತ್ತದೆ. ಅಲ್ಲಿ ಬ್ಯಾಚ್‌ವಾರು ದಾಖಲೆ ಬೇಕು: ಎಷ್ಟು ಹಾಕಿದಿರಿ, ಎಷ್ಟು ತೆಗೆದಿರಿ. ಹನ್ನೆರಡು ತಿಂಗಳೂ “ನಷ್ಟ 3%” ಎಂದು ಒಂದೇ ಅಂಕಿ ಬರೆದಿದ್ದರೆ ಅಳೆಯದೇ ಬರೆದದ್ದು ಎಂದು ಯಾರಿಗಾದರೂ ಗೊತ್ತಾಗುತ್ತದೆ. ನಿಜವಾದ ನಷ್ಟ ಒಂದು ತಿಂಗಳು 2.6, ಇನ್ನೊಂದು ತಿಂಗಳು 3.3 ಹೀಗೆ ಏರಿಳಿಯುತ್ತದೆ.

ಕರೆಂಟ್ ಬಿಲ್ಲನ್ನೂ ಉತ್ಪಾದನೆಗೆ ಹೋಲಿಸುತ್ತಾರೆ. ವಿದ್ಯುತ್ ಬಳಕೆಯೊಂದನ್ನೇ ಹಿಡಿದು ಗುಟ್ಟಾಗಿ ಮಾಲು ಸಾಗಿಸಿದ್ದಾರೆ ಎನ್ನಲಾಗದು ಎಂದು ಎಕ್ಸೈಸ್ ಕಾಲದ ಆರ್. ಎ. ಕಾಸ್ಟಿಂಗ್ಸ್ ಪ್ರಕರಣದಲ್ಲಿ ನ್ಯಾಯಮಂಡಳಿ ಹೇಳಿತ್ತು, ಅಲಹಾಬಾದ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೂ ಯಾವ ತಿಂಗಳು ಯೂನಿಟ್ ಯಾಕೆ ಹೆಚ್ಚಾಯಿತು ಎಂಬುದಕ್ಕೆ ಒಂದು ಸಾಲಿನ ಟಿಪ್ಪಣಿ ಇಟ್ಟುಕೊಳ್ಳಿ. ಹೊಸ ಫರ್ನೇಸ್ ಟ್ರಯಲ್ ಆಗಿತ್ತೋ, ರಿಜೆಕ್ಟ್ ಆದ ಮಾಲನ್ನು ಮತ್ತೆ ಕರಗಿಸಿದಿರೋ, ಆಗಲೇ ಬರೆದರೆ ನೆನಪಿರುತ್ತದೆ.

ಇನ್ನೊಂದು ಹೋಲಿಕೆ ಬಹಳ ಜನರಿಗೆ ಹೊಳೆಯುವುದಿಲ್ಲ. ಆದಾಯ ತೆರಿಗೆ ಆಡಿಟ್‌ನ 3ಸಿಡಿ ವರದಿಯ 35ನೇ ಕಲಂನಲ್ಲಿ ಕಚ್ಚಾ ಮಾಲು ಮತ್ತು ಸಿದ್ಧ ಮಾಲಿನ ಪ್ರಮಾಣ, ಇಳುವರಿಯ ಶೇಕಡಾವಾರು ಬರೆದಿರುತ್ತದೆ. ಜಿಎಸ್‌ಟಿ ಅಧಿಕಾರಿ ಅದನ್ನು ಕೇಳಿ ಪಡೆಯುತ್ತಾರೆ. ಅಲ್ಲೊಂದು ಅಂಕಿ, ನಿಮ್ಮ ತಿಂಗಳ ಲೆಕ್ಕದಲ್ಲಿ ಇನ್ನೊಂದು ಅಂಕಿ ಇದ್ದರೆ ಉತ್ತರ ಕೊಡುವುದು ಕಷ್ಟ. ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ ಕೂಡ ಹಾಗೆಯೇ. ಸಾಲದ ಮಿತಿಗಾಗಿ ದಾಸ್ತಾನನ್ನು ಉಬ್ಬಿಸಿ ತೋರಿಸಿದ್ದರೆ ಅದು ಇಲ್ಲಿ ಎದ್ದು ಬರುತ್ತದೆ.

ಎಚ್ಚರಿಕೆ: ಆಡಿಟ್ ಬಂತೆಂದು ರಿಜಿಸ್ಟರನ್ನು ಹೊಸದಾಗಿ ಬರೆಯಬೇಡಿ. ಮೂರು ವರ್ಷದ ಪುಟಗಳೆಲ್ಲ ಒಂದೇ ಪೆನ್ನು, ಒಂದೇ ಕೈಬರಹ, ಒಂದೂ ಎಣ್ಣೆ ಕಲೆಯಿಲ್ಲ ಎಂದರೆ ನೋಡಿದವರಿಗೆ ತಿಳಿಯುತ್ತದೆ. ಹಳೆಯ ಪುಸ್ತಕದಲ್ಲಿ ತಪ್ಪಿದ್ದರೂ ಅದೇ ನಿಮ್ಮ ಪ್ರಾಮಾಣಿಕತೆಯ ಸಾಕ್ಷಿ. ತಪ್ಪು ನಮೂದನ್ನು ವೈಟ್‌ನರ್ ಹಚ್ಚಿ ಅಳಿಸುವುದು, ಅಂಕಿಯ ಮೇಲೆ ಅಂಕಿ ತಿದ್ದುವುದು 56ನೇ ನಿಯಮಕ್ಕೆ ವಿರುದ್ಧ. ಹಳೆಯದು ಕಾಣುವಂತೆ ಒಂದು ಗೆರೆ ಎಳೆಯಿರಿ, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು ಸಹಿ ಮತ್ತು ದಿನಾಂಕ ಹಾಕಿ.

ಹಂತ 3: ಗೇಟಿನಿಂದ ಹೊರಗಿರುವ ಮಾಲು

ಪ್ಲೇಟಿಂಗ್‌ಗೆ, ಹೀಟ್ ಟ್ರೀಟ್‌ಮೆಂಟ್‌ಗೆ, ಕೊರೆಯುವುದಕ್ಕೆ ಎಂದು ಬೇರೆ ಘಟಕಕ್ಕೆ ಕಳಿಸುವುದು ಜಾಬ್ ವರ್ಕ್. ಮಾಲು ನಿಮ್ಮದೇ, ಕೆಲಸ ಮಾತ್ರ ಅವರದು. ತೆರಿಗೆ ಕಟ್ಟದೆ ಡೆಲಿವರಿ ಚಲನ್ ಮೇಲೆ ಕಳಿಸಬಹುದು. ಆದರೆ ಕಚ್ಚಾ ಮಾಲು 1 ವರ್ಷದೊಳಗೆ, ಯಂತ್ರೋಪಕರಣ 3 ವರ್ಷದೊಳಗೆ ವಾಪಸು ಬರಬೇಕು ಅಥವಾ ಅಲ್ಲಿಂದಲೇ ಬಿಲ್ ಮೇಲೆ ಮಾರಾಟವಾಗಬೇಕು. ಅಚ್ಚು, ಡೈ, ಜಿಗ್, ಫಿಕ್ಸ್ಚರ್, ಟೂಲ್‌ಗಳಿಗೆ ಈ ಗಡುವಿಲ್ಲ. ಗಡುವು ಮೀರಿದರೆ, ಕಳಿಸಿದ ದಿನವೇ ಮಾರಿದಿರಿ ಎಂದು ಕಾಯ್ದೆ ಭಾವಿಸುತ್ತದೆ. ತೆರಿಗೆಯ ಜೊತೆ ಅಂದಿನಿಂದಲೇ ಬಡ್ಡಿಯೂ ಬೀಳುತ್ತದೆ.

ಇದರ ವಿವರವನ್ನು ಐಟಿಸಿ-04 ನಮೂನೆಯಲ್ಲಿ ಕೊಡಬೇಕು. ವಹಿವಾಟು 5 ಕೋಟಿ ರೂಪಾಯಿ ಮೀರಿದವರು ಆರು ತಿಂಗಳಿಗೊಮ್ಮೆ, ಉಳಿದವರು ವರ್ಷಕ್ಕೊಮ್ಮೆ. ಇದಕ್ಕೆ ತೆರಿಗೆ ಕಟ್ಟುವುದೇನೂ ಇಲ್ಲವಾದ್ದರಿಂದ ಜನ ಮರೆತುಬಿಡುತ್ತಾರೆ. ಆಡಿಟ್‌ನಲ್ಲಿ ಮೊದಲು ತೆರೆಯುವ ಫೈಲುಗಳಲ್ಲಿ ಇದೂ ಒಂದು.

ಗುಜರಿ ಮಾರಾಟಕ್ಕೂ ಬಿಲ್ ಬೇಕು, ತೆರಿಗೆ ಬೇಕು. ವೇಬ್ರಿಜ್ (ಲಾರಿ ತೂಗುವ ತಕ್ಕಡಿ) ಚೀಟಿ, ಗೇಟ್ ಪಾಸ್, ಇನ್‌ವಾಯ್ಸ್ ಮೂರರಲ್ಲೂ ಒಂದೇ ತೂಕ ಇರಬೇಕು. ಜಾಬ್ ವರ್ಕ್ ಮಾಡುವವರ ಬಳಿ ಉಳಿದ ಚೂರು ಕೂಡ ನಿಮ್ಮದೇ ಲೆಕ್ಕ: ಅವರು ನೋಂದಾಯಿತರಾಗಿದ್ದರೆ ಅವರೇ ತೆರಿಗೆ ಕಟ್ಟಿ ಮಾರಬಹುದು, ಇಲ್ಲದಿದ್ದರೆ ನೀವು ಕಟ್ಟಬೇಕು. “ಅದು ಅವರಿಗೇ ಬಿಡಿ” ಎಂಬ ಬಾಯಿಮಾತಿನ ಒಪ್ಪಂದ ಅಧಿಕಾರಿಯ ಮುಂದೆ ನಿಲ್ಲುವುದಿಲ್ಲ.

ಬಾಡಿಗೆ ಗೋದಾಮಿನಲ್ಲಿ ಮಾಲಿಟ್ಟಿದ್ದರೆ ಆ ವಿಳಾಸ ನಿಮ್ಮ ನೋಂದಣಿ ಪತ್ರದಲ್ಲಿ ಹೆಚ್ಚುವರಿ ಸ್ಥಳವಾಗಿ ಸೇರಿದೆಯೇ ನೋಡಿ.

ಹಂತ 4: ಅವರು ಹುಡುಕುವ ಮುನ್ನ ನೀವೇ ಹುಡುಕಿ

ಮಾರಾಟದ ಬಿಲ್ಲುಗಳ ವಿವರ ಕೊಡುವ ಜಿಎಸ್‌ಟಿಆರ್-1, ತೆರಿಗೆ ಕಟ್ಟುವ ರಿಟರ್ನ್ ಆದ 3ಬಿ ಮತ್ತು ನಿಮ್ಮ ಪುಸ್ತಕದ ಮಾರಾಟ ಹೊಂದಬೇಕು. ಖರೀದಿ ಕಡೆಯಲ್ಲಿ, ಸಪ್ಲೈಯರ್‌ಗಳ ರಿಟರ್ನ್‌ನಿಂದ ಪೋರ್ಟಲ್ ತಾನೇ ತಯಾರಿಸುವ 2ಬಿ ಪಟ್ಟಿಯಲ್ಲಿ ಕಾಣುವ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ನೀವು ಕೊಟ್ಟು ಮಾರಾಟದ ತೆರಿಗೆಯಲ್ಲಿ ಮುರಿದುಕೊಳ್ಳುವ ತೆರಿಗೆ, ನೀವು ತೆಗೆದುಕೊಂಡದ್ದಕ್ಕೆ ಸರಿಹೋಗಬೇಕು. ಇದನ್ನು ಬಹುತೇಕ ಅಕೌಂಟೆಂಟರು ಮಾಡಿಯೇ ಇರುತ್ತಾರೆ. ತಪ್ಪಿಹೋಗುವುದು ಬೇರೆ ಕಡೆ: ಸಪ್ಲೈಯರ್‌ಗೆ 180 ದಿನದೊಳಗೆ ಹಣ ಕೊಡದ ಬಿಲ್ಲಿನ ಕ್ರೆಡಿಟ್ ವಾಪಸು ಮಾಡದಿರುವುದು, ಕಳವಾದ, ಸುಟ್ಟುಹೋದ, ಉಚಿತ ಸ್ಯಾಂಪಲ್ ಕೊಟ್ಟ ಮಾಲಿನ ಕ್ರೆಡಿಟ್ ಹಾಗೇ ಉಳಿಸಿಕೊಂಡಿರುವುದು, ಲಾರಿ ಬಾಡಿಗೆಯ ಮೇಲೆ ನೀವೇ ಕಟ್ಟಬೇಕಾದ ತೆರಿಗೆ ಕಟ್ಟದಿರುವುದು. ಮಾರಾಟಗಾರರ ಬದಲು ಪಡೆದುಕೊಂಡವರು ಕಟ್ಟುವ ಈ ಕ್ರಮಕ್ಕೆ ರಿವರ್ಸ್ ಚಾರ್ಜ್ ಎನ್ನುತ್ತಾರೆ.

ತಪ್ಪು ಸಿಕ್ಕರೆ ಬಡ್ಡಿ ಸಮೇತ ಡಿಆರ್‌ಸಿ-03 ನಮೂನೆಯಲ್ಲಿ ಸ್ವಯಂ ಪಾವತಿ ಮಾಡಿ. ಸಾಮಾನ್ಯ ಬಡ್ಡಿ ವರ್ಷಕ್ಕೆ 18%. ವಂಚನೆಯ ಆರೋಪವಿಲ್ಲದ ಪ್ರಕರಣದಲ್ಲಿ ಶೋಕಾಸ್ ನೋಟಿಸಿಗೆ ಮುನ್ನ ತೆರಿಗೆ ಮತ್ತು ಬಡ್ಡಿ ಕಟ್ಟಿದರೆ ದಂಡ ಬೀಳುವುದಿಲ್ಲ.

ಹಂತ 5: ಆಡಿಟ್ ನಡೆಯುವ ದಿನಗಳು

ಒಂದು ಕೋಣೆ, ಒಂದು ಮೇಜು, ಒಬ್ಬರು ಹೊಣೆಗಾರರು. ದಾಖಲೆ ಕೇಳಿದಾಗ ಒಬ್ಬರೇ ತಂದುಕೊಡಬೇಕು, ಏನು ಕೊಟ್ಟೆವು ಎಂದು ದಿನಾಂಕದೊಂದಿಗೆ ಪಟ್ಟಿ ಬರೆದು ಸ್ವೀಕೃತಿ ಪಡೆಯಬೇಕು. ಕೇಳಿದ್ದನ್ನು ಪೂರ್ತಿ ಕೊಡಿ, ಕೇಳದ್ದನ್ನು ರಾಶಿ ಹಾಕಬೇಡಿ.

ಅಧಿಕಾರಿ ಶಾಪ್ ಫ್ಲೋರ್ ನೋಡಬೇಕೆಂದರೆ ಖುಷಿಯಿಂದ ಕರೆದುಕೊಂಡು ಹೋಗಿ. ನನ್ನ ಅನುಭವದಲ್ಲಿ ಇದು ನಿಮಗೇ ಒಳ್ಳೆಯದು. ಕಾಗದದಲ್ಲಿ ವಿಚಿತ್ರವಾಗಿ ಕಾಣುವ 21% ಗುಜರಿ, ಪ್ರೆಸ್ಸಿನ ಪಕ್ಕದಲ್ಲಿ ನಿಂತು ತೂತುಬಿದ್ದ ಪಟ್ಟಿ ಹೊರಬೀಳುವುದನ್ನು ನೋಡಿದಾಗ ತಾನಾಗಿ ಅರ್ಥವಾಗುತ್ತದೆ. ತಯಾರಿಕೆಯ ಹಂತಗಳನ್ನು ಒಂದು ಪುಟದಲ್ಲಿ ಬರೆದು, ಯಾವ ಹಂತದಲ್ಲಿ ಎಷ್ಟು ಚೂರು ಬೀಳುತ್ತದೆ ಎಂದು ಗುರುತಿಸಿ ಕೈಗೆ ಕೊಡಿ.

ಸ್ಟೋರ್ಸ್‌ನವರಿಗೆ, ಗೇಟ್ ಕಾಯುವವರಿಗೆ ಮೊದಲೇ ಹೇಳಿಡಿ: ಗೊತ್ತಿದ್ದದ್ದನ್ನು ನಿಜವಾಗಿ ಹೇಳಿ, ಗೊತ್ತಿಲ್ಲದ್ದಕ್ಕೆ “ಗೊತ್ತಿಲ್ಲ ಸಾರ್, ಕೇಳಿ ಹೇಳ್ತೀವಿ” ಅನ್ನಿ. ಅಂದಾಜಿಗೆ ಹೇಳಿದ ಒಂದು ಅಂಕಿ ಆಮೇಲೆ ತೆಗೆಯಲಾಗದ ಮುಳ್ಳಾಗುತ್ತದೆ.

ಅಧಿಕಾರಿಯ ಆಕ್ಷೇಪಕ್ಕೆ ಇಲಾಖೆಯ ಭಾಷೆಯಲ್ಲಿ ಆಡಿಟ್ ಪ್ಯಾರಾ ಎನ್ನುತ್ತಾರೆ. ಪ್ರತಿ ಪ್ಯಾರಾಕ್ಕೂ ಬರಹದಲ್ಲೇ ಉತ್ತರ ಕೊಡಿ. ಒಪ್ಪುವುದಿದ್ದರೆ ಒಪ್ಪಿ ಕಟ್ಟಿ, ಒಪ್ಪದಿದ್ದರೆ ಯಾಕೆಂದು ಸೆಕ್ಷನ್ ಮತ್ತು ದಾಖಲೆ ಸಮೇತ ಬರೆಯಿರಿ. “ಸಣ್ಣ ಮೊತ್ತ, ಕಟ್ಟಿ ಮುಗಿಸೋಣ” ಎಂದು ತಪ್ಪಿಲ್ಲದ ಕಡೆ ಒಪ್ಪಿಕೊಳ್ಳಬೇಡಿ. ಅದೇ ವಿಷಯ ಮುಂದಿನ ವರ್ಷಗಳಿಗೂ ಬರುತ್ತದೆ, ಆಗ ನಿಮ್ಮ ಹಳೆಯ ಒಪ್ಪಿಗೆಯನ್ನೇ ಎದುರಿಗಿಡುತ್ತಾರೆ.

ಲಂಚದ ಮಾತು ಬಂದರೆ? ಭ್ರಷ್ಟಾಚಾರ ತಡೆ ಕಾಯ್ದೆಗೆ ಬಂದ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆ. ರಾಜ್ಯದ ಅಧಿಕಾರಿಯಾದರೆ ಲೋಕಾಯುಕ್ತ, ಕೇಂದ್ರದವರಾದರೆ ಸಿಬಿಐ ಅಥವಾ ಇಲಾಖೆಯ ವಿಜಿಲೆನ್ಸ್. ಬಹುಪಾಲು ಅಧಿಕಾರಿಗಳು ತಮ್ಮ ಕೆಲಸ ಮಾಡಲು ಬಂದಿರುತ್ತಾರೆ. ಅವರನ್ನು ಆ ಕಣ್ಣಿನಿಂದ ನೋಡಿ ನೀವಾಗಿಯೇ ಆ ಮಾತು ಎತ್ತಬೇಡಿ.

ಹಂತ 6: ಮುನ್ಸೂಚನೆ ಇಲ್ಲದೆ ಶೋಧಕ್ಕೆ ಬಂದರೆ

ಅಧಿಕಾರಪತ್ರ ಓದಿ, ವಿಳಾಸ ನಿಮ್ಮದೇ ಎಂದು ಖಾತ್ರಿ ಮಾಡಿಕೊಂಡು ಸಹಿ ಹಾಕಿ, ತಡೆಯಬೇಡಿ. ಇಬ್ಬರು ಸ್ವತಂತ್ರ ಪಂಚರ ಎದುರು ಶೋಧ ನಡೆಯಬೇಕು, ಮಹಜರು ಬರೆಯಬೇಕು. ದಾಸ್ತಾನು ಎಣಿಸುವಾಗ ನಿಮ್ಮವರೊಬ್ಬರು ಜೊತೆಯಲ್ಲಿರಲಿ. ಕಣ್ಣಂದಾಜಿನ ತೂಕ ಹಾಕಿದರೆ ತೂಗಲು ವಿನಂತಿಸಿ. ಒಪ್ಪದಿದ್ದರೆ “ಅಂದಾಜಿನ ತೂಕ” ಎಂದು ಮಹಜರಿನಲ್ಲೇ ನಮೂದಿಸಲು ಕೇಳಿ. ಮುಟ್ಟುಗೋಲು ಹಾಕಿದರೆ ಐಎನ್‌ಎಸ್-02, ಮಾಲು ಅಲ್ಲೇ ಬಿಟ್ಟು ಅಲುಗಾಡಿಸಬೇಡಿ ಎಂದರೆ ಐಎನ್‌ಎಸ್-03 ಕೊಡುತ್ತಾರೆ. 03 ಕೊಟ್ಟ ಮಾಲನ್ನು ಗಿರಾಕಿ ಎಷ್ಟೇ ಅವಸರ ಮಾಡಿದರೂ ಕದಲಿಸಬೇಡಿ. ವಶಕ್ಕೆ ಪಡೆದ ದಾಖಲೆಗಳ ನಕಲು ಪಡೆಯುವ ಹಕ್ಕು ನಿಮಗಿದೆ.

ಹೇಳಿಕೆಯನ್ನು ಓದದೆ ಸಹಿ ಮಾಡಬೇಡಿ. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲಿ ಬರೆಯಿಸಿ ಎಂದು ಕೇಳಿ.

ಶೋಧದ ವೇಳೆ ಅಲ್ಲೇ ತೆರಿಗೆ ಕಟ್ಟಿ ಎಂಬ ಒತ್ತಡ ಬಂದರೆ ಒಂದು ವಿಷಯ ನೆನಪಿರಲಿ: ಶೋಧ, ತಪಾಸಣೆಯ ಸಮಯದಲ್ಲಿ ಬಲವಂತವಾಗಿ ವಸೂಲಿ ಮಾಡುವಂತಿಲ್ಲ ಎಂದು 2022ರ ಮೇ 25ರಂದು ಸಿಬಿಐಸಿಯೇ ತನ್ನ ಅಧಿಕಾರಿಗಳಿಗೆ ಸೂಚನೆ ಕೊಟ್ಟಿದೆ. ನಿಮ್ಮ ಲೆಕ್ಕ ನೋಡಿಕೊಂಡು ಸ್ವಂತ ಇಚ್ಛೆಯಿಂದ ಕಟ್ಟುವುದು ಬೇರೆ ಮಾತು.

ಹಂತ 7: ಹೋದ ಮೇಲೆ

ಆಡಿಟ್ ಮುಗಿದ 30 ದಿನದೊಳಗೆ ಎಡಿಟಿ-02ರಲ್ಲಿ ಅಂತಿಮ ವರದಿ ತಿಳಿಸಬೇಕು. ಬಗೆಹರಿಯದ ಪ್ಯಾರಾಗಳಿಗೆ ಶೋಕಾಸ್ ನೋಟಿಸ್ ಬರುತ್ತದೆ. 2024-25ರಿಂದ ಈಚಿನ ವರ್ಷಗಳಿಗೆ 74ಎ ಸೆಕ್ಷನ್ ಅನ್ವಯ. ವಂಚನೆಯ ಆರೋಪವಿಲ್ಲದಿದ್ದರೆ ನೋಟಿಸ್ ಬಂದ 60 ದಿನದೊಳಗೆ ತೆರಿಗೆ, ಬಡ್ಡಿ ಕಟ್ಟಿದವರಿಗೆ ದಂಡವಿಲ್ಲ. ಆರೋಪವಿದ್ದರೆ ಅದೇ 60 ದಿನದಲ್ಲಿ 25% ದಂಡದೊಂದಿಗೆ ಮುಗಿಸಬಹುದು, ಆದೇಶವಾದ 60 ದಿನದೊಳಗಾದರೆ 50%, ಅದೂ ದಾಟಿದರೆ ತೆರಿಗೆಯಷ್ಟೇ ದಂಡ. ಆದೇಶ ಒಪ್ಪದಿದ್ದರೆ 3 ತಿಂಗಳಲ್ಲಿ ಮೇಲ್ಮನವಿ ಹಾಕಬೇಕು, ವಿವಾದದ ತೆರಿಗೆಯ 10% ಮೊದಲೇ ಠೇವಣಿ ಇಡಬೇಕು. ಇಲ್ಲಿಂದ ಮುಂದೆ ತೆರಿಗೆ ವಕೀಲರು ಅಥವಾ ಸಿಎ ಜೊತೆಗಿಲ್ಲದೆ ಹೋಗಬೇಡಿ.

ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಇಡಬೇಕು. ಗಡುವು ಡಿಸೆಂಬರ್ 31 ಆಗಿದ್ದ 2024-25ರ ಲೆಕ್ಕವನ್ನು 2031ರ ಡಿಸೆಂಬರ್ 31ರವರೆಗೆ. ವಿವಾದ ನಡೆಯುತ್ತಿದ್ದರೆ ಅದು ಅಂತಿಮವಾಗಿ ಇತ್ಯರ್ಥವಾಗಿ ಒಂದು ವರ್ಷವಾಗುವವರೆಗೆ ಅಥವಾ ಈ 72 ತಿಂಗಳವರೆಗೆ, ಯಾವುದು ತಡವೋ ಅಲ್ಲಿಯವರೆಗೆ. ವೇಬ್ರಿಜ್ ಚೀಟಿ ಥರ್ಮಲ್ ಕಾಗದದ್ದಾದರೆ ಅಷ್ಟು ವರ್ಷ ಅಕ್ಷರ ಉಳಿಯುವುದಿಲ್ಲ, ಬೀರು ತೆರೆದಾಗ ಬರೀ ಬಿಳಿ ಚೀಟಿ ಸಿಗುತ್ತದೆ. ಬಂದ ದಿನವೇ ಜೆರಾಕ್ಸ್ ತೆಗೆದು ಅದೇ ಇನ್‌ವಾಯ್ಸಿಗೆ ಪಿನ್ ಮಾಡಿಡಿ.